ಮಿಂಗಸ್, ಮಿಂಗಿಸ್, ಮೆಂಜೀಸ್: ಸ್ಕಾಟ್ಲೆಂಡಿನ ಪೂರ್ವಜರ ಹುಡುಕಾಟಕ್ಕೆ ನೆರವು ಬೇಕು

ಕುಕ್‌ಟೌನ್ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಂದೆ ಮಂಡ್ಯದ ಕಡೆಯವರು, ತಾಯಿ ಬೆಂಗಳೂರು ದಂಡಿನ ಆಂಗ್ಲೋ-ಇಂಡಿಯನ್ ಮನೆತನದವರು. ಅಮ್ಮನ ಮುತ್ತಜ್ಜನ ತಂದೆ ಸ್ಕಾಟ್ಲೆಂಡಿನವರು. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಫಿರಂಗಿ ದಳದ ಸಿಪಾಯಿಯಾಗಿ 1830ರ ದಶಕದಲ್ಲಿ ಬಂದರು, ಬೆಂಗಳೂರಿನಲ್ಲೇ ಮದುವೆಯಾದರು, ಇಲ್ಲೇ ಮಣ್ಣಾದರು. ಇಲ್ಲಿಂದ ಈಚಿನ ಕಥೆಯೆಲ್ಲ ನಮಗೆ ಗೊತ್ತಿದೆ. ಅಲ್ಲಿಂದ ಆಚೆಗೆ ಏನೂ ಸಿಗುತ್ತಿಲ್ಲ.

ತೊಡಕು ಮನೆತನದ ಹೆಸರಿನದು. 1838ರ ಮದುವೆ ದಾಖಲೆಯ ನಕಲಿನಲ್ಲಿ 'ಮಿಂಗಸ್' ಎಂದಿದೆ. ಮಗನ ದೀಕ್ಷಾಸ್ನಾನದ ದಾಖಲೆಯಲ್ಲಿ 'ಮಿಂಗಿಸ್'. ಸಮಾಧಿಯ ಕಲ್ಲಿನ ಮೇಲೆ 'ಮೆಂಜೀಸ್'. ಮಿಂಗಸ್ ಎಂದು ಹುಡುಕಿದರೆ ಸ್ಕಾಟ್ಲೆಂಡಿನಲ್ಲಿ ಹೊಂದುವವರು ಯಾರೂ ಇಲ್ಲ. ಮೆಂಜೀಸ್ ಎಂದು ಹುಡುಕಿದರೆ ಅದೇ ಮೊದಲ ಹೆಸರಿನವರು ರಾಶಿ ರಾಶಿ ಬರುತ್ತಾರೆ. (ಮನೆಯವರು ಕೇಳಿಕೊಂಡಿರುವುದರಿಂದ ಮೊದಲ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆ ಕಾಲದಲ್ಲಿ ಅಲ್ಲಿ ತೀರಾ ಸಾಮಾನ್ಯವಾಗಿದ್ದ ಹೆಸರು.) ನಡುವಿನ ಹೆಸರು ವಿಲಿಯಂ ಎಂದು ಮನೆಯಲ್ಲಿ ಹೇಳುತ್ತಾರೆ.

ಈ ಮೂರರಲ್ಲಿ ಅವರ ನಿಜವಾದ ಹೆಸರು ಯಾವುದು? ಮೂವರೂ ಒಬ್ಬರೇ ಎಂದು ನಂಬಬಹುದೇ?

ಕೋಲಾರದ ಮೇಷ್ಟ್ರು

ತಾಯಿ, ಕಲ್ಲಿನ ಮೇಲೆ ಕೆತ್ತಿದ್ದೇ ಖಚಿತ ಎಂದು ನನಗೆ ತೋರುತ್ತದೆ. ಮಕ್ಕಳು ಹಣ ಕೊಟ್ಟು ಕೆತ್ತಿಸಿದ ಹೆಸರು, ತಪ್ಪಿರಲಾರದು. ಉಳಿದೆರಡು ದಂಡಿನ ಗುಮಾಸ್ತರ ಅಜಾಗರೂಕತೆ ಇರಬೇಕು. ಮೆಂಜೀಸ್ ಎಂಬ ಹೆಸರಿನಿಂದಲೇ ಮುಂದುವರಿಯಿರಿ. ಆ ಕುಲದ ಇತಿಹಾಸದ ಪುಸ್ತಕಗಳೂ ಇವೆ, ಅವುಗಳಿಂದ ಪ್ರಾರಂಭಿಸಬಹುದು.

ದಫ್ತರ

ಮೇಷ್ಟ್ರೇ, ನಿಮ್ಮ ಮೇಲೆ ಗೌರವವಿಟ್ಟೇ ಇದನ್ನು ಒಪ್ಪುವುದಿಲ್ಲ. ಗುಮಾಸ್ತ ಅಜಾಗರೂಕನಾಗಿರಲಿಲ್ಲ. ಕಿವಿಗೆ ಬಿದ್ದದ್ದನ್ನು ಚೆನ್ನಾಗಿಯೇ ಬರೆದಿದ್ದಾನೆ.

ಈ ಹೆಸರನ್ನು ಸ್ಕಾಟ್ಲೆಂಡಿನಲ್ಲಿ ಹಿಂದಿನಿಂದ ಉಚ್ಚರಿಸುತ್ತಿದ್ದದ್ದೇ 'ಮಿಂಗಿಸ್' ಎಂದು. ಹಳೆಯ ಸ್ಕಾಟ್ಸ್ ಬರವಣಿಗೆಯಲ್ಲಿ 'ಯೋಗ್' ಎಂಬ ಅಕ್ಷರವಿತ್ತು. ನೋಡಲು ಇಂಗ್ಲಿಷಿನ ಅಂಕಿ ಮೂರರ ಹಾಗೆ ಇರುತ್ತಿತ್ತು, ಧ್ವನಿ ಯಕಾರ ಗಕಾರಗಳ ಹತ್ತಿರದ್ದು. ಮುದ್ರಣ ಬಂದಾಗ ಅಚ್ಚಿನ ಮೊಳೆಗಳಲ್ಲಿ ಆ ಅಕ್ಷರ ಇರಲಿಲ್ಲ. ಬಾಲವಿರುವ ಜೆಡ್ ಅದನ್ನೇ ಹೋಲುತ್ತಿದ್ದುದರಿಂದ ಮುದ್ರಕರು ಜೆಡ್ ಹಾಕಿದರು. ಅಕ್ಷರ ನೋಡಿ ಓದುವವರು ಮೆಂಜೀಸ್ ಎಂದರು, ಕೇಳಿ ಕಲಿತವರು ಮಿಂಗಿಸ್ ಎಂದೇ ಉಳಿಸಿಕೊಂಡರು. ಆಸ್ಟ್ರೇಲಿಯದ ಪ್ರಧಾನಿಯಾಗಿದ್ದ ರಾಬರ್ಟ್ ಮೆಂಜೀಸ್ ಅವರಿಗೆ 'ಮಿಂಗ್' ಎಂಬ ಅಡ್ಡಹೆಸರು ಬಂದದ್ದರ ಹಿಂದೆಯೂ ಈ ಉಚ್ಚಾರಣೆ ಇದೆ. ನಮಗೆ ತೀರ ಪರಿಚಿತವಾದ ಉದಾಹರಣೆ ಬೇಕೆಂದರೆ ಕಾಲಿನ್ ಮೆಕೆಂಜಿ. ಮೈಸೂರು ಸೀಮೆಯ ಮೋಜಣಿ ನಡೆಸಿ ಕೈಫಿಯತ್ತುಗಳನ್ನು ಸಂಗ್ರಹಿಸಿದ ಆತ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಅವನ ಹೆಸರಿನ ನಡುವಿನ ಜೆಡ್ ಕೂಡ ಮೂಲದಲ್ಲಿ ಇದೇ ಯೋಗ್.

ಹಾಗಾಗಿ 1838ರಲ್ಲಿ ಬೆಂಗಳೂರಿನ ಪಾದ್ರಿ ಹೆಸರು ಕೇಳಿದಾಗ ವರ 'ಮಿಂಗಿಸ್' ಎಂದಿದ್ದಾನೆ, ಇಂಗ್ಲಿಷ್ ಕಿವಿಯ ಪಾದ್ರಿ 'ಮಿಂಗಸ್' ಎಂದು ಬರೆದಿದ್ದಾನೆ. ನನ್ನ ಮಟ್ಟಿಗೆ ಮೂರು ದಾಖಲೆಗಳ ಪೈಕಿ ನಿಮ್ಮ ಹಿರಿಯರ ಸ್ವಂತ ದನಿಗೆ ಹತ್ತಿರವಿರುವುದು ಆ ಮದುವೆ ದಾಖಲೆಯೇ. ಕಲ್ಲಿನ ಮೇಲಿರುವುದು ಓದು ಬರಹ ಕಲಿತ ಮಗ ಆರಿಸಿಕೊಂಡ ರೂಪ.

'ನಿಜವಾದ ಹೆಸರು ಯಾವುದು' ಎಂಬ ಪ್ರಶ್ನೆಯನ್ನು ದಯವಿಟ್ಟು ಬಿಟ್ಟುಬಿಡಿ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಸಿಪಾಯಿಗೆ ಸರಿಯಾದ ಕಾಗುಣಿತ ಎಂಬುದೇ ಇರಲಿಲ್ಲ. ಒಂದೇ ಪುಟದಲ್ಲಿ ಅಣ್ಣನಿಗೊಂದು ರೂಪ, ತಮ್ಮನಿಗೊಂದು ರೂಪ ಬರೆದಿರುವುದನ್ನು ನಾನೇ ಓದಿದ್ದೇನೆ. ಹುಡುಕಬೇಕಾದದ್ದು ಊರನ್ನು ಮತ್ತು ಅವರ ಸುತ್ತಲಿದ್ದ ಜನರನ್ನು. ಅಂಥ ಸುಳಿವು ಏನಿದೆ ನಿಮ್ಮ ಬಳಿ?

ಕುಕ್‌ಟೌನ್ ಮೊಮ್ಮಗಳು

ಮನೆಯಲ್ಲಿ ಒಂದು ಬೈಬಲ್ ಇದೆ. ಅದರ ಮೊದಲ ಖಾಲಿ ಹಾಳೆಯ ಮೇಲ್ಭಾಗ ಹರಿದುಹೋಗಿದೆ. ಉಳಿದಿರುವುದು ಮೂರು ಸಾಲು, ಕಂದು ಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ. ಮೊದಲ ಸಾಲಿನಲ್ಲಿ ಅವರ ಮೊದಲ ಹೆಸರು, ಅದರ ಮುಂದೆ ಮನೆತನದ ಹೆಸರು ಇರಬೇಕಾದ ಕಡೆ ಕಲೆ, ಕಲೆಯ ನಂತರ ಡಬ್ಲ್ಯು ಮತ್ತು ಎಂ. ಇದನ್ನೇ ವಿಲಿಯಂ ಎಂಬುದರ ಸಂಕ್ಷಿಪ್ತ ರೂಪ ಎಂದು ನಾವು ಓದಿಕೊಂಡು ಬಂದಿದ್ದೇವೆ. ಎರಡನೆಯ ಸಾಲು 'ತಂಗಿ ಕೊಟ್ಟದ್ದು' ಎಂದು, ಜೊತೆಗೆ ತಂಗಿಯ ಹೆಸರು. ಮೂರನೆಯದರಲ್ಲಿ ಇಸವಿ ಮಾತ್ರ, 1832.

ಹಳೆ ಅಕ್ಷರ

ಮೇಡಂ, ಡಬ್ಲ್ಯು ಮತ್ತು ಎಂ ನಡುವೆ ಎಷ್ಟು ಜಾಗವಿದೆ? ಎಂ ಸಾಲಿನ ಮಟ್ಟದಲ್ಲೇ ಇದೆಯೇ ಅಥವಾ ಸ್ವಲ್ಪ ಮೇಲಕ್ಕೆ, ಚಿಕ್ಕದಾಗಿ ಇದೆಯೇ? ವಿಲಿಯಂ ಎಂಬುದನ್ನು ಚುಟುಕಾಗಿ ಬರೆಯುವವರು ಸಾಮಾನ್ಯವಾಗಿ ಎಂ ಅಕ್ಷರವನ್ನು ಮೇಲೆತ್ತಿ ಬರೆದು ಕೆಳಗೆ ಗೀರೋ ಚುಕ್ಕೆಯೋ ಹಾಕುತ್ತಿದ್ದರು.

ಕುಕ್‌ಟೌನ್ ಮೊಮ್ಮಗಳು

ಈಗ ಭೂತಗನ್ನಡಿ ಹಿಡಿದು ನೋಡಿದೆ. ಎಂ ಸಾಲಿನಲ್ಲೇ ಇದೆ, ಮೇಲೆತ್ತಿಲ್ಲ. ನಡುವೆ ಎರಡು ಅಕ್ಷರಕ್ಕಾಗುವಷ್ಟು ಜಾಗ, ಅಲ್ಲಿ ಸವೆದುಹೋದ ಎರಡು ಸಣ್ಣ ಕುಣಿಕೆಗಳು. ಇವು ಇ ಅಕ್ಷರಗಳಾಗಿರಬಹುದೇ?

ಹಳೆ ಅಕ್ಷರ

ಹಾಗಿದ್ದರೆ ಅದು ವಿಲಿಯಂ ಅಲ್ಲ. ಅದು ವೀಮ್. ಸ್ಕಾಟ್ಲೆಂಡಿನ ಪರ್ತ್‌ಶೈರ್ ಸೀಮೆಯ ಒಂದು ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. ಬೈಬಲ್ಲಿನಲ್ಲಿ ಹೆಸರಿನ ಮುಂದೆ ಊರು ಬರೆಯುವ ರೂಢಿ ಧಾರಾಳವಾಗಿತ್ತು. ನಮ್ಮ 'ಡಂಡಿ ಕನ್ನಡಿಗ' ಸ್ಕಾಟ್ಲೆಂಡಿನ ಆ ಕಡೆ ಇದ್ದಾರೆ, ಅವರು ಹೇಳಲಿ.

ಡಂಡಿ ಕನ್ನಡಿಗ

ಓದುತ್ತಿದ್ದಂತೆ ಮೈ ಜುಮ್ಮೆಂದಿತು! ವೀಮ್ ಎಂದರೆ ಮೆಂಜೀಸ್ ಕುಲದ ನಡುಮನೆ. ಅಬರ್‌ಫೆಲ್ಡಿ ಪಟ್ಟಣದಿಂದ ಟೇ ನದಿಯ ಸೇತುವೆ ದಾಟಿದರೆ ಆಚೆ ಬದಿಗೆ ವೀಮ್, ಅಲ್ಲೇ ಪಕ್ಕದಲ್ಲಿ ಕುಲದ ನಾಯಕರು ವಾಸವಾಗಿದ್ದ ಹದಿನಾರನೆಯ ಶತಮಾನದ ಕ್ಯಾಸಲ್ ಮೆಂಜೀಸ್. ಆ ಸೇತುವೆ 1733ರದು, ಇಂದಿಗೂ ಅದರ ಮೇಲೆ ವಾಹನಗಳು ಓಡಾಡುತ್ತವೆ.

ಆದರೆ ಒಂದು ಎಚ್ಚರಿಕೆ. ವೀಮ್ ಪ್ಯಾರಿಷ್ ಒಂದೇ ತುಂಡಾಗಿರಲಿಲ್ಲ. ಟೇ ಸರೋವರದ ದಂಡೆ, ಗ್ಲೆನ್ ಲಯನ್ ಕಣಿವೆ ಎಂದು ಹಲವು ತುಣುಕುಗಳಾಗಿ ಹರಡಿಕೊಂಡು ನಡುನಡುವೆ ಬೇರೆ ಪ್ಯಾರಿಷ್‌ಗಳು ಸೇರಿಕೊಂಡಿದ್ದವು. ದೂರದ ತುಣುಕಿನಲ್ಲಿದ್ದವನು ಕೈಗೂಸನ್ನು ಎತ್ತಿಕೊಂಡು ವೀಮ್ ಚರ್ಚಿಗೆ ಬರುವುದಕ್ಕಿಂತ ಹತ್ತಿರದ ಡಲ್, ಕೆನ್‌ಮೋರ್, ಫೋರ್ಟಿಂಗಲ್ ಅಥವಾ ಕಿಲ್ಲಿನ್ ಪಾದ್ರಿಯ ಬಳಿಗೆ ಹೋಗುತ್ತಿದ್ದ. ಆದ್ದರಿಂದ ವೀಮ್ ರಿಜಿಸ್ಟರಿನಲ್ಲಿ ಇಲ್ಲವೆಂದು ಕೈಚೆಲ್ಲಬೇಡಿ, ಈ ಅಕ್ಕಪಕ್ಕದ ರಿಜಿಸ್ಟರುಗಳನ್ನೂ ನೋಡಿ.

ಇನ್ನೊಂದು ಸಂಗತಿ, ಅಲ್ಲಿ ಆಗ ಮನೆಮಾತು ಇಂಗ್ಲಿಷ್ ಅಲ್ಲ, ಗೇಲಿಕ್ ಎಂಬ ಬೇರೆಯೇ ನುಡಿ. ಗೇಲಿಕ್‌ನಲ್ಲಿ ಈ ಮನೆತನದ ಹೆಸರಿನ ರೂಪವೇ ಬೇರೆ. ಮನೆಯಲ್ಲಿ ಒಂದು ನುಡಿ, ರಿಜಿಸ್ಟರಿನಲ್ಲಿ ಇನ್ನೊಂದು. ಚರ್ಚಿನ ಗುಮಾಸ್ತ ಬದಲಾದಂತೆಲ್ಲ ಅಕ್ಷರವೂ ಬದಲಾಗುತ್ತಿತ್ತು.

ಕೋಲಾರದ ಮೇಷ್ಟ್ರು

ದಫ್ತರ ಅವರೇ, ವಿವರಿಸಿದ್ದು ಉಪಕಾರವಾಯಿತು. ಹಾಗಾದರೆ ಕಂಪ್ಯೂಟರಿನಲ್ಲಿ ಹುಡುಕುವಾಗ ಈ ಎಲ್ಲ ರೂಪಗಳನ್ನೂ ಒಂದೊಂದಾಗಿ ಹಾಕಿ ನೋಡಬೇಕೇ?

ದಫ್ತರ

ಅಷ್ಟು ಕಷ್ಟವಿಲ್ಲ ಮೇಷ್ಟ್ರೇ. ಸ್ಕಾಟ್ಲೆಂಡಿನ ಸರ್ಕಾರಿ ದಾಖಲೆಗಳ ತಾಣ 'ಸ್ಕಾಟ್ಲೆಂಡ್ಸ್‌ಪೀಪಲ್'. ಅಲ್ಲಿ ಸೂಚಿಯನ್ನು ಹುಡುಕಲು ಹಣ ಕೊಡಬೇಕಿಲ್ಲ, ದಾಖಲೆಯ ಚಿತ್ರ ತೆರೆಯುವುದಕ್ಕೆ ಮಾತ್ರ ಶುಲ್ಕ. ಹುಡುಕುವಾಗ ಸೌಂಡೆಕ್ಸ್ ಎಂಬ ಆಯ್ಕೆ ಇದೆ. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಪಡೆದ ಹಳೆಯ ಉಪಾಯ. ಹೆಸರಿನ ಮೊದಲ ಅಕ್ಷರ ಹಾಗೇ ಉಳಿಯುತ್ತದೆ, ಸ್ವರಗಳು ಬಿಟ್ಟುಹೋಗುತ್ತವೆ, ವ್ಯಂಜನಗಳಿಗೆ ಗುಂಪಿಗೊಂದರಂತೆ ಅಂಕಿ. ಎಂ ಮತ್ತು ಎನ್‌ಗೆ 5. ಸಿ, ಜಿ, ಜೆ, ಕೆ, ಕ್ಯೂ, ಎಸ್, ಎಕ್ಸ್, ಜೆಡ್ ಇವೆಲ್ಲಕ್ಕೂ 2.

ಇಲ್ಲಿ ಇವರ ಅದೃಷ್ಟ ಚೆನ್ನಾಗಿದೆ. ಜಿ ಮತ್ತು ಜೆಡ್ ಒಂದೇ ಗುಂಪಿನವಾದ್ದರಿಂದ ಮೆಂಜೀಸ್, ಮಿಂಗಿಸ್, ಮಿಂಗಸ್ ಮೂರಕ್ಕೂ ಬರುವ ಸಂಕೇತ ಒಂದೇ: ಎಂ 522. ಒಂದನ್ನು ಹಾಕಿದರೆ ಮೂರೂ ಬರುತ್ತವೆ.

ಇದನ್ನೇ ನಂಬಿ ಕೂರುವುದೂ ಅಪಾಯ. ಜೆಡ್ಡೂ ಜಿಯೂ ಉದುರಿಹೋಗಿ 'ಮೆನಿಸ್' ಎಂದು ಬರೆದಿದ್ದರೆ ಒಂದು ಅಂಕಿ ಕಡಿಮೆಯಾಗಿ, ಅದರ ಜಾಗಕ್ಕೆ ಕೊನೆಯಲ್ಲಿ ಸೊನ್ನೆ ಬಂದು ಸಂಕೇತ ಎಂ 520 ಆಗುತ್ತದೆ, ಬಲೆಗೆ ಬೀಳುವುದಿಲ್ಲ. ಬೇರೆ ಹೆಸರುಗಳಲ್ಲಿ ಇದು ಇನ್ನೂ ಕೆಟ್ಟದಾಗಿ ಕೈಕೊಡುತ್ತದೆ. ಡಾಲ್‌ಝೀಲ್ ಎಂದು ಬರೆದು 'ಡೀಯೆಲ್' ಎನ್ನುವ ಮನೆತನವಿದೆ, ಅಲ್ಲೂ ಜೆಡ್ ಹಿಂದಿನ ಯೋಗ್. ಅದರ ರೂಪಗಳು ಸೌಂಡೆಕ್ಸ್‌ನಲ್ಲಿ ಚದುರಿ ಬೇರೆ ಬೇರೆ ಕಡೆ ಬೀಳುತ್ತವೆ. ಥಾಮ್ಸನ್ ಎಂಬುದಕ್ಕೆ ನಡುವೆ ಒಂದು ಪಿ ಸೇರಿದರೂ ಸಂಕೇತ ಬದಲಾಗುತ್ತದೆ. ಅಂಥ ಕಡೆ ಯಾವ ಅಕ್ಷರಗಳ ಬದಲಿಗಾದರೂ ನಿಲ್ಲುವ ನಕ್ಷತ್ರ ಚಿಹ್ನೆಯೇ ಗತಿ. ಇವರೂ ಒಮ್ಮೆ ಎಂ, ನಕ್ಷತ್ರ, ಎನ್, ನಕ್ಷತ್ರ, ಎಸ್ ಎಂದು ಹಾಕಿ, ಪ್ಯಾರಿಷ್ ಹೆಸರನ್ನು ವೀಮ್‌ಗೆ ಸೀಮಿತಗೊಳಿಸಿ ನೋಡಲಿ. ಊರು ಸಿಕ್ಕಿರುವುದರಿಂದ ಬಲೆಯನ್ನು ಎಷ್ಟು ಅಗಲವಾಗಿ ಬೀಸಿದರೂ ಚಿಂತೆಯಿಲ್ಲ.

ಕುಕ್‌ಟೌನ್ ಮೊಮ್ಮಗಳು

ಹುಡುಕಿದೆ. ಸೈನ್ಯದ ಲೆಕ್ಕದ ಪ್ರಕಾರ ಅವರು ಹುಟ್ಟಿದ್ದು 1810ರಿಂದ 1815ರ ನಡುವೆ. ಆ ಅವಧಿಯಲ್ಲಿ ವೀಮ್‌ನಲ್ಲೂ ಡಲ್‌ನಲ್ಲೂ ಅದೇ ಹೆಸರಿನ ಹುಡುಗರು ಹಲವರಿದ್ದಾರೆ, ತಂದೆಯರು ಬೇರೆ ಬೇರೆ. ನಮ್ಮವರ ತಂದೆಯ ಹೆಸರು ಎಲ್ಲೂ ದಾಖಲಾಗಿಲ್ಲ. ಯಾರ ಮಗ ಎಂದು ಹೇಗೆ ಗುರುತಿಸುವುದು?

ದಫ್ತರ

ತಂಗಿಯನ್ನು ಹಿಡಿಯಿರಿ.

ನಿಮ್ಮ ಹಿರಿಯರು ಊರು ಬಿಟ್ಟು ಬಂದವರು, ಅಲ್ಲಿನ ಕಡತಗಳಲ್ಲಿ ಅವರ ಹೆಜ್ಜೆ ಕಡಿಮೆ. ಬೈಬಲ್ ಕೊಟ್ಟ ತಂಗಿ ಊರಿನಲ್ಲೇ ಉಳಿದಿರಬಹುದು. ಸ್ಕಾಟ್ಲೆಂಡಿನಲ್ಲಿ 1855ರ ಜನವರಿ 1ರಿಂದ ಹುಟ್ಟು, ಮದುವೆ, ಸಾವುಗಳ ಕಡ್ಡಾಯ ನೋಂದಣಿ ಶುರುವಾಯಿತು. ಇಂಗ್ಲೆಂಡಿನಲ್ಲಿ 1837ರಲ್ಲೇ ಬಂದಿತ್ತು, ಆದರೆ ತಡವಾಗಿ ಬಂದ ಸ್ಕಾಟ್ಲೆಂಡಿನ ನೋಂದಣಿ ಎಷ್ಟೋ ಪಾಲು ಉತ್ತಮ. ಅಲ್ಲಿನ ಸಾವಿನ ದಾಖಲೆಯಲ್ಲಿ ತೀರಿಕೊಂಡವರ ತಂದೆಯ ಹೆಸರು, ತಂದೆಯ ಕಸುಬು, ತಾಯಿಯ ಹೆಸರು, ತಾಯಿಯ ತವರಿನ ಮನೆತನ ಇಷ್ಟೂ ಇರುತ್ತವೆ. ಎಂಬತ್ತು ವರ್ಷದ ಮುದುಕಿ 1860ರಲ್ಲಿ ತೀರಿಕೊಂಡಿದ್ದರೆ ಆಕೆಯ ತಂದೆತಾಯಿಯ ಹೆಸರು, ಅಂದರೆ ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಹುಟ್ಟಿದವರ ಹೆಸರು ನಿಮಗೆ ಸಿಗುತ್ತದೆ. 1855ರ ಒಂದೇ ವರ್ಷದ ದಾಖಲೆಗಳಲ್ಲಂತೂ ಇನ್ನೂ ಹೆಚ್ಚಿನ ವಿವರಗಳಿದ್ದವು. ಬರೆಯುವುದು ಹೊರೆಯಾಯಿತೆಂದು ಮರುವರ್ಷವೇ ಕಡಿತಗೊಳಿಸಿದರು.

ಸ್ಕಾಟ್ಲೆಂಡಿನ ಇನ್ನೊಂದು ದೊಡ್ಡ ಅನುಕೂಲ ಹೆಂಗಸರ ಹೆಸರು. ಮದುವೆಯಾದರೂ ದಾಖಲೆಯಲ್ಲಿ ಆಕೆಯ ತವರಿನ ಮನೆತನ ಅಳಿಯುತ್ತಿರಲಿಲ್ಲ. ಮಕ್ಕಳ ದೀಕ್ಷಾಸ್ನಾನದಲ್ಲಿ, ಸಮಾಧಿಯ ಕಲ್ಲಿನಲ್ಲಿ, ಸಾವಿನ ದಾಖಲೆಯಲ್ಲಿ ಅದೇ ಹೆಸರು. ಆದ್ದರಿಂದ ತಂಗಿ ಗಂಡನ ಹೆಸರು ಗೊತ್ತಿಲ್ಲದಿದ್ದರೂ ಹುಟ್ಟಿದ ಮನೆತನದ ಹೆಸರಿನಲ್ಲೇ ಆಕೆ ಸಿಗುತ್ತಾಳೆ.

ಒಂದು ಮಾತು ಗಮನದಲ್ಲಿರಲಿ. ಸಾವಿನ ವಿವರ ಬರೆಸಿದವನು ಅಳಿಯನೋ ನೆರೆಯವನೋ ಆಗಿದ್ದರೆ ಸತ್ತವಳ ತಾಯಿಯ ಹೆಸರು ಅವನಿಗೆ ಸರಿಯಾಗಿ ಗೊತ್ತಿರದೆ ಹೋಗಬಹುದು. ಕೆಳಗಿನ ಸಹಿ ಯಾರದೆಂದು ನೋಡಿಕೊಳ್ಳಿ.

ಕೋಲಾರದ ಮೇಷ್ಟ್ರು

ಮಕ್ಕಳಿಗೆ ಹೆಸರಿಡುವುದರಲ್ಲಿ ಅಲ್ಲಿಯೂ ಕಟ್ಟುಪಾಡು ಇತ್ತೆಂದು ಓದಿದ ನೆನಪು. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಹಾಗೆ?

ಡಂಡಿ ಕನ್ನಡಿಗ

ಹೌದು ಮೇಷ್ಟ್ರೇ, ಒಳ್ಳೆಯ ಮಾತು ನೆನಪಿಸಿದಿರಿ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಮೂರನೆಯವನಿಗೆ ಸ್ವತಃ ತಂದೆಯದು. ಹೆಣ್ಣುಮಕ್ಕಳಿಗೆ ಮೊದಲು ತಾಯಿಯ ತಾಯಿಯ ಹೆಸರು, ಆಮೇಲೆ ತಂದೆಯ ತಾಯಿಯದು. ಕಟ್ಟುನಿಟ್ಟಾದ ನಿಯಮವಲ್ಲ, ಮನೆಯಿಂದ ಮನೆಗೆ ವ್ಯತ್ಯಾಸವಿತ್ತು. ಪುರಾವೆಯಾಗಿ ಬಳಸಬಾರದು, ಸುಳಿವಾಗಿ ಬಳಸಬಹುದು. ಮೊಮ್ಮಗಳು ಮೇಡಂ, ನಿಮ್ಮ ಹಿರಿಯರ ಬೆಂಗಳೂರಿನ ಮಕ್ಕಳ ಹೆಸರುಗಳನ್ನು ಹುಟ್ಟಿದ ಕ್ರಮದಲ್ಲಿ ಬರೆದಿಟ್ಟುಕೊಳ್ಳಿ. ಹಿರಿಯ ಮಗನ ಹೆಸರು ವೀಮ್‌ನಲ್ಲಿದ್ದ ಅಜ್ಜನದಾಗಿರಬಹುದು.

ಕುಕ್‌ಟೌನ್ ಮೊಮ್ಮಗಳು

ತಂಗಿ ಸಿಕ್ಕಳು!

ಅಣ್ಣ ತೀರಿಕೊಂಡ ಮೇಲೂ ಎಷ್ಟೋ ವರ್ಷ ಬದುಕಿದ್ದಾಳೆ. ಸಾವಿನ ವಿವರ ಬರೆಸಿದವನು ಆಕೆಯ ಸ್ವಂತ ಮಗ. ತಂದೆಯ ಕಸುಬು ನೇಕಾರಿಕೆ. ತಾಯಿಯ ತವರು ಮೆಕ್‌ನಾಟನ್ ಮನೆತನ. ತಂದೆಯ ಮೊದಲ ಹೆಸರು ಅಮ್ಮನ ಮುತ್ತಜ್ಜನ ಹಿರಿಯಣ್ಣನಿಗೆ ಬೆಂಗಳೂರಿನಲ್ಲಿ ಇಟ್ಟ ಹೆಸರೇ. ಅಮ್ಮನಿಗೆ ಓದಿ ಹೇಳಿದೆ, ಅವರಿಗೆ ಮಾತೇ ಹೊರಡಲಿಲ್ಲ.

ಆಮೇಲೆ ಆ ದಂಪತಿಯ ಎರಡೂ ಮನೆತನಗಳನ್ನು ಹಾಕಿ ಹಳೆಯ ಪ್ಯಾರಿಷ್ ರಿಜಿಸ್ಟರುಗಳಲ್ಲಿ ಮಕ್ಕಳನ್ನು ಹುಡುಕಿದೆ. ಇಬ್ಬರು ವೀಮ್‌ನಲ್ಲಿ, ಉಳಿದವರು ಡಲ್‌ನಲ್ಲಿ. ತಂದೆಯ ಮನೆತನ ಒಂದು ಕಡೆ ಮಿಂಜಸ್, ಒಂದು ಕಡೆ ಮೆಂಗೀಸ್, ಒಂದು ಕಡೆ ಮೆನಿಸ್. ಕೊನೆಯದು ಸೌಂಡೆಕ್ಸ್‌ನಲ್ಲಿ ಬರಲಿಲ್ಲ, ತಾಯಿಯ ಹೆಸರಿನಿಂದಾಗಿ ಸಿಕ್ಕಿತು.

ಆದರೆ ನಮ್ಮವರ ಹೆಸರಿನ ಹುಡುಗರು ಇಬ್ಬರಿದ್ದಾರೆ, ಒಂದೇ ತಂದೆತಾಯಿಗೆ. ಒಬ್ಬ 1810ರಲ್ಲಿ, ಇನ್ನೊಬ್ಬ 1813ರಲ್ಲಿ. ಅಣ್ಣತಮ್ಮಂದಿರಿಗೆ ಒಂದೇ ಹೆಸರು ಇಡುತ್ತಿದ್ದರೇ?

ಹಳೆ ಅಕ್ಷರ

ಮೊದಲನೆಯ ಮಗು ಉಳಿದಿರಲಾರದು. ತೀರಿಹೋದ ಕೂಸಿನ ಹೆಸರನ್ನು ಮುಂದೆ ಹುಟ್ಟಿದ ಗಂಡುಮಗುವಿಗೆ ಮತ್ತೆ ಇಡುತ್ತಿದ್ದರು. ಅಜ್ಜನ ಹೆಸರು ಮನೆಯಲ್ಲಿ ಉಳಿಯಬೇಕೆಂಬ ಆಸೆ.

ಡಂಡಿ ಕನ್ನಡಿಗ

ಬಹುಮಟ್ಟಿಗೆ ಹಾಗೆಯೇ. ಆದರೂ ಸಾಬೀತು ಮಾಡಿಕೊಳ್ಳಬೇಕು. ಮಣ್ಣು ಮಾಡಿದ ದಾಖಲೆಗಳನ್ನು ಹಳೆಯ ಪ್ಯಾರಿಷ್‌ಗಳು ಸರಿಯಾಗಿ ಇಡುತ್ತಿರಲಿಲ್ಲ, ಎಷ್ಟೋ ಕಡೆ ಇಟ್ಟೇ ಇಲ್ಲ. ಅಲ್ಲಿ ಸಿಗದಿದ್ದರೆ ಚರ್ಚಿನ ಹಿರಿಯರ ಸಭೆಯ ಪುಸ್ತಕಗಳನ್ನು ನೋಡಿ. ಕರ್ಕ್ ಸೆಷನ್ ಎನ್ನುತ್ತಾರೆ. ಶವದ ಮೇಲೆ ಹೊದಿಸುವ ಬಟ್ಟೆಯನ್ನು ಚರ್ಚು ಬಾಡಿಗೆಗೆ ಕೊಡುತ್ತಿತ್ತು, ಆ ಬಾಡಿಗೆಯ ಲೆಕ್ಕದಲ್ಲಿ ಸಾವಿನ ಸುಳಿವು ಸಿಗುವುದುಂಟು. ಈ ಪುಸ್ತಕಗಳ ಪುಟಗಳನ್ನು ಸ್ಕಾಟ್ಲೆಂಡ್ಸ್‌ಪೀಪಲ್ ತಾಣದಲ್ಲೇ ತಿರುವಿ ನೋಡಬಹುದು.

ದಫ್ತರ

ಇತ್ತ ಸೈನ್ಯದ ಕಡೆಯಿಂದಲೂ ಹಿಡಿಯಿರಿ. ಕಂಪನಿಯ ಸೈನ್ಯದ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ವಿಭಾಗದಲ್ಲಿವೆ. ಬೆಂಗಳೂರು ಮೈಸೂರು ಸಂಸ್ಥಾನದಲ್ಲಿದ್ದರೂ ಅಲ್ಲಿನ ದಂಡು ಮದ್ರಾಸ್ ಸೇನೆಗೆ ಸೇರಿದ್ದರಿಂದ ನೀವು ನೋಡಬೇಕಾದದ್ದು ಮದ್ರಾಸಿನ ಕಡತ. ಸಿಪಾಯಿ ಯಾವ ಹಡಗಿನಲ್ಲಿ ಬಂದ, ಯಾವ ಸೀಮೆಯವನು, ಕಸುಬೇನು, ವಯಸ್ಸೆಷ್ಟು ಎಂದು ಬರೆದಿರುತ್ತಾರೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಬಗ್ಗೆ ಕೆಲಸ ಮಾಡುವ 'ಫಿಬಿಸ್' ಸಂಘದ ತಾಣದಲ್ಲಿ ಉಚಿತವಾಗಿ ಹುಡುಕಬಹುದಾದ ಹೆಸರುಗಳ ದೊಡ್ಡ ಸಂಗ್ರಹವಿದೆ, ಮೊದಲು ಅಲ್ಲಿ ನೋಡಿ. 1832ರ ಸುಮಾರಿಗೆ ವಯಸ್ಸು ಹತ್ತೊಂಬತ್ತು, ಕಸುಬು ನೇಕಾರ ಎಂದಿದ್ದರೆ ಎರಡನೆಯ ಹುಡುಗನೇ ನಿಮ್ಮವರು ಎಂದು ಹೇಳಲು ಬಲ ಬರುತ್ತದೆ.

ಕುಕ್‌ಟೌನ್ ಮೊಮ್ಮಗಳು

ಸೈನ್ಯದ ದಾಖಲೆಯ ನಕಲು ಬಂತು. ಸೀಮೆ ಪರ್ತ್, ಕಸುಬು ನೇಕಾರ, ವಯಸ್ಸು ಹತ್ತೊಂಬತ್ತು. ಹೆಸರು ಈ ಬಾರಿ 'ಮಿನ್ಯೀಸ್'. ಇಷ್ಟು ದಿನ ಕಾಗುಣಿತ ಕಂಡರೆ ಸಿಟ್ಟು ಬರುತ್ತಿತ್ತು, ಈಗ ಹೊಸ ರೂಪ ಕಂಡರೆ ಖುಷಿಯಾಗುತ್ತದೆ. ಎಲ್ಲರಿಗೂ ಮನಸಾರೆ ವಂದನೆಗಳು.

ಇನ್ನೊಂದು ವಿಷಯ ಕೇಳಲೇಬೇಕು. ವೀಮ್‌ನ ಆ ಮೆಕ್‌ನಾಟನ್ ತಾಯಿಯ ಮನೆತನ ಇನ್ನೂರು ವರ್ಷ ಕಳೆದರೂ ಕಡತದಲ್ಲಿ ಉಳಿದಿದೆ. ಆಕೆಯ ಮಗ ಬೆಂಗಳೂರಿನಲ್ಲಿ ಕೈಹಿಡಿದ ನಮ್ಮ ಅಜ್ಜಿ ಇದೇ ನೆಲದವಳು. 1838ರ ಮದುವೆ ದಾಖಲೆಯಲ್ಲಿ ಆಕೆಗೆ ಕೊಟ್ಟ ಕ್ರೈಸ್ತ ಹೆಸರೊಂದೇ ಇದೆ. ತಂದೆಯ ಹೆಸರಿಲ್ಲ, ಊರಿಲ್ಲ, ಯಾವ ಮಾತಿನವಳೆಂದೂ ಇಲ್ಲ. ಆಕೆಯನ್ನು ಹೀಗೇ ಬಿಡಲು ನನಗೆ ಮನಸ್ಸಿಲ್ಲ.

ದಫ್ತರ

ಬಿಡಬೇಡಿ. ಮದುವೆಗೆ ಮುಂಚಿನ ಕೆಲವು ತಿಂಗಳುಗಳಲ್ಲಿ ಅದೇ ಹೆಸರಿನ ವಯಸ್ಕ ಹೆಂಗಸಿನ ದೀಕ್ಷಾಸ್ನಾನ ದಾಖಲಾಗಿದೆಯೇ ಎಂದು ಮದ್ರಾಸ್ ಪ್ರಾಂತ್ಯದ ಚರ್ಚು ದಾಖಲೆಗಳಲ್ಲಿ ನೋಡಿ. ಮದುವೆಗಾಗಿಯೇ ಮತಾಂತರವಾದವರು ಹಲವರಿದ್ದರು. ಆಕೆ ಮೊದಲೇ ಕ್ಯಾಥೊಲಿಕ್ ಮನೆಯವಳಾಗಿದ್ದರೆ ದಾಖಲೆ ಬೇರೆ ಚರ್ಚಿನಲ್ಲಿರುತ್ತದೆ. ಮದುವೆಗೆ ಸಾಕ್ಷಿ ಹಾಕಿದವರ ಹೆಸರುಗಳನ್ನು, ಮಕ್ಕಳ ದೀಕ್ಷಾಸ್ನಾನದ ಸಾಕ್ಷಿಗಳನ್ನು ಪಟ್ಟಿ ಮಾಡಿಕೊಳ್ಳಿ. ಅವರಲ್ಲಿ ಯಾರಾದರೂ ಆಕೆಯ ಕಡೆಯವರಿರಬಹುದು. ಆ ಪಟ್ಟಿ ಸಿದ್ಧವಾದ ಮೇಲೆ ಇದಕ್ಕೆಂದೇ ಬೇರೆ ಚರ್ಚೆ ಆರಂಭಿಸಿ, ಸ್ಕಾಟ್ಲೆಂಡಿನದರ ಜೊತೆ ಸೇರಿಸಿದರೆ ಎರಡೂ ಕಲಸಿಹೋಗುತ್ತವೆ. ದಂಡು ಪ್ರದೇಶದ ಕ್ಯಾಥೊಲಿಕ್ ಚರ್ಚುಗಳ ರಿಜಿಸ್ಟರ್ ಓದಿ ಬಲ್ಲವರು ಇಲ್ಲಿ ಇದ್ದಾರೆ, ಅವರನ್ನೂ ಅಲ್ಲಿಗೆ ಕರೆಯುತ್ತೇನೆ.